ಓದುಗರ ಪ್ರಶ್ನೆ: ಪೊಲೀಸರ ಕೆಲಸದ ಲೆಕ್ಕ ಯಾರು ಕೇಳಬೇಕು?

ಪೊಲೀಸ್ ಠಾಣೆಯ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದ ಮೇಲೆ ಕಾಸರಗೋಡು ಜಿಲ್ಲೆಯಿಂದಲೇ ಜಾಸ್ತಿ ಪತ್ರಗಳು ಬಂದಿವೆ. ಕೆಲವನ್ನು ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಾಸ್ಟ್ರೇ, ನನ್ನ ಮಗಳಿಗೆ ಬೆಂಗಳೂರಿನಲ್ಲಿ ಕೆಲಸ, ರಾತ್ರಿ ಪಾಳಿ. ಅವಳ ಪೀಜಿ ಇರುವ ರಸ್ತೆಯಲ್ಲಿ ದೀಪ ಉರಿಯುವುದಿಲ್ಲ, ಬೀಟ್ ಪೊಲೀಸರನ್ನು ನೋಡಿಯೇ ಇಲ್ಲ ಅನ್ನುತ್ತಾಳೆ. ಅಷ್ಟು ದೊಡ್ಡ ಊರಿನಲ್ಲಿ ಎಲ್ಲಿಗೆ ಎಷ್ಟು ಪೊಲೀಸರು, ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವವರು ಯಾರು? ಜನರಿಗೆ ಅದರಲ್ಲಿ ಮಾತೇ ಇಲ್ವಾ? (ಬದಿಯಡ್ಕದಿಂದ ಒಬ್ಬ ತಂದೆ)

ಉತ್ತರ: ಇರಬೇಕು. ಆದರೆ ಇರುವುದು ತೀರಾ ಕಡಿಮೆ. ನಿಮ್ಮ ಮಗಳ ರಸ್ತೆಯನ್ನೇ ತಗೊಳ್ಳಿ. ದೀಪ ಪಾಲಿಕೆಯದು, ಬೀಟ್ ಪೊಲೀಸರದು. ಪೊಲೀಸ್ ರಾಜ್ಯದ ಕೈಯಲ್ಲಿರುವ ವಿಷಯ, ಹಾಗಾಗಿ ಬೆಂಗಳೂರಿನ ಕಮಿಷನರ್ ಉತ್ತರ ಕೊಡಬೇಕಾದದ್ದು ರಾಜ್ಯ ಸರ್ಕಾರಕ್ಕೆ, ಊರಿನ ಮೇಯರ್‌ಗೆ ಅಲ್ಲ. ಅದರ ಮೇಲೆ 2020ರಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ನಂತರ ಅಲ್ಲಿ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ದೀಪದ ಬಗ್ಗೆ ಕೇಳಲಿಕ್ಕೂ ವಾರ್ಡಿಗೊಬ್ಬ ಮೆಂಬರ್ ಇರಲಿಲ್ಲ. ದೀಪವನ್ನೂ ಬೀಟನ್ನೂ ಒಟ್ಟಿಗೆ ಇಟ್ಟು, ಎದುರು ಕೂತು ಕೇಳುವ ಜಾಗವೇ ಇಲ್ಲ. ನನಗೆ ದೊಡ್ಡ ಕೊರತೆಯಾಗಿ ಕಾಣುವುದು ಇದೇ.

ಇದು ಯಾರಿಗೂ ಹೊಳೆಯದ ವಿಷಯವೇನಲ್ಲ. ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹತ್ತು ವರ್ಷ ಕಳೆದು, 2006ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಏಳು ನಿರ್ದೇಶನ ಕೊಟ್ಟಿತು. ಅದರಲ್ಲಿ ಮೊದಲನೆಯದೇ ರಾಜ್ಯ ಭದ್ರತಾ ಆಯೋಗ. ಪೊಲೀಸರು ಯಾವ ದಾರಿಯಲ್ಲಿ ಕೆಲಸ ಮಾಡಬೇಕು ಅಂತ ಹೇಳುವುದು, ವರ್ಷದ ಕೆಲಸವನ್ನು ಅಳೆಯುವುದು, ಆ ವರದಿಯನ್ನು ವಿಧಾನಸಭೆಯ ಮುಂದೆ ಇಡುವುದು ಅದರ ಕೆಲಸ. ಸರ್ಕಾರದ ಜನ ಮಾತ್ರ ಅಲ್ಲ, ಹೊರಗಿನ ಸ್ವತಂತ್ರ ಸದಸ್ಯರೂ ಅದರಲ್ಲಿರಬೇಕು. ಕೇರಳ 2011ರ ಪೊಲೀಸ್ ಕಾಯ್ದೆಯಲ್ಲಿ, ಕರ್ನಾಟಕ 2012ರ ತಿದ್ದುಪಡಿಯಲ್ಲಿ ಇಂಥ ಆಯೋಗವನ್ನು ಬರೆದುಕೊಂಡವು. ಬರೆದುಕೊಂಡದ್ದು ಒಂದು, ಅದು ಸೇರಿ, ಚರ್ಚಿಸಿ, ವರದಿ ಕೊಟ್ಟು, ಆ ವರದಿ ನಮ್ಮ ಕೈಗೆ ಸಿಗುವುದು ಇನ್ನೊಂದು. ರಾಜ್ಯಗಳು ಏನು ಮಾಡಿವೆ ಅಂತ ನೋಡಲು ಕೋರ್ಟು ನೇಮಿಸಿದ ಸಮಿತಿಗೆ ಕೇರಳದವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅಧ್ಯಕ್ಷರಾಗಿದ್ದರು. 2010ರ ವರದಿಯಲ್ಲಿ ಅವರು ರಾಜ್ಯಗಳ ಉದಾಸೀನ ಕಂಡು ಬೇಸರಪಟ್ಟಿದ್ದಾರೆ.

ಮಗಳು ಏನು ಮಾಡಬಹುದು? ಒಬ್ಬಳೇ ಹೋಗುವುದು ಬೇಡ. ಪೀಜಿಯ ಏಳೆಂಟು ಹುಡುಗಿಯರು ಸೇರಿ ಒಂದು ಅರ್ಜಿ ಬರೆಯಲಿ: ಯಾವ ತಿರುವಿನಲ್ಲಿ ಕತ್ತಲೆ, ತಾವು ಕೆಲಸದಿಂದ ಎಷ್ಟು ಹೊತ್ತಿಗೆ ಬರುತ್ತಾರೆ, ಬೀಟ್ ಯಾವಾಗ ಬೇಕು. ಬೆಂಗಳೂರು ಪೊಲೀಸರು ಮಾಸಿಕ ಜನಸಂಪರ್ಕ ದಿವಸ ಅಂತ ಶುರು ಮಾಡಿದ್ದಾರೆ. ಅಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಲಿ. ಅದಕ್ಕೂ ಸುಮ್ನಿದ್ದರೆ ಮಾಹಿತಿ ಹಕ್ಕಿನಲ್ಲಿ ಒಂದೇ ಪ್ರಶ್ನೆ ಹಾಕಿದರೆ ಸಾಕು. ಈ ಠಾಣೆಗೆ ಮಂಜೂರಾದ ಹುದ್ದೆ ಎಷ್ಟು, ಈಗ ಇರುವವರು ಎಷ್ಟು? 30 ದಿನದೊಳಗೆ ಉತ್ತರ ಕೊಡಬೇಕು. ಆ ಎರಡು ಅಂಕಿ ಕೈಗೆ ಬಂದರೆ ಬೀಟ್ ಯಾಕೆ ಬರುತ್ತಿಲ್ಲ ಅನ್ನುವುದರ ಅರ್ಧ ಉತ್ತರ ಸಿಕ್ಕಿದ ಹಾಗೆ.

ಪ್ರಶ್ನೆ: ಬೇರೆ ದೇಶಗಳ ದೊಡ್ಡ ನಗರಗಳಲ್ಲಿ ಇದು ಹೇಗೆ ನಡೆಯುತ್ತದೆ? (ಕುಂಬಳೆಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಲಂಡನ್ ನೋಡಿ. 2012ರಿಂದ ಅಲ್ಲಿ ಪೊಲೀಸರ ಮೇಲಿನ ಉಸ್ತುವಾರಿ ಜನರೇ ಆರಿಸಿದ ಮೇಯರ್ ಕೈಯಲ್ಲಿದೆ. ಅವರು ತಮ್ಮ ಅವಧಿಗೆ ಒಂದು ಪೊಲೀಸ್ ಯೋಜನೆ ಮಾಡಬೇಕು, ಕರಡನ್ನು ಮೊದಲು ಜನರ ಮುಂದಿಟ್ಟು ಅಭಿಪ್ರಾಯ ಕೇಳಬೇಕು. ನಗರದ ಚುನಾಯಿತ ಸಭೆಯ ಒಂದು ಸಮಿತಿ, ಯೋಜನೆಯಂತೆ ನಡೆದಿದೆಯಾ ಅಂತ ಮೇಯರ್ ಕಡೆಯವರನ್ನೂ ಪೊಲೀಸ್ ಕಮಿಷನರನ್ನೂ ಎದುರು ಕೂರಿಸಿ ಕೇಳುತ್ತದೆ. ಬಾಗಿಲು ಮುಚ್ಚಿ ಅಲ್ಲ, ಎಲ್ಲರೂ ನೋಡುವ ಹಾಗೆ. ನನಗೆ ಇನ್ನೂ ಇಷ್ಟವಾದದ್ದು, ಮಾಮೂಲಿ ಜನ ಸ್ವಯಂಸೇವಕರಾಗಿ ಹೆಸರು ಕೊಟ್ಟು, ಮೊದಲೇ ತಿಳಿಸದೆ ಲಾಕಪ್‌ಗೆ ಹೋಗಿ, ಒಳಗಿರುವವರಿಗೆ ಊಟ ಸಿಕ್ಕಿತಾ, ಡಾಕ್ಟರ್ ನೋಡಿದರಾ, ವಕೀಲರಿಗೆ ಫೋನ್ ಮಾಡಲು ಬಿಟ್ಟರಾ ಅಂತ ವಿಚಾರಿಸುವ ಪದ್ಧತಿ. ಇದಕ್ಕೆ ಅಲ್ಲಿ ಕಾನೂನಿನ ಬಲ ಇದೆ.

ಅಮೆರಿಕದ ಶಿಕಾಗೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ನಗರದಲ್ಲಿ 22 ಪೊಲೀಸ್ ವಿಭಾಗಗಳಿವೆ. 2023ರಲ್ಲಿ ಪ್ರತಿ ವಿಭಾಗಕ್ಕೂ ಮೂವರ ಮಂಡಳಿಯನ್ನು ಜನ ಓಟು ಹಾಕಿ ಆರಿಸಿದರು.

ಅಲ್ಲೆಲ್ಲ ಸರಿಯಾಗಿದೆ ಅಂತ ತಿಳಿಯಬೇಡಿ. 2021ರಲ್ಲಿ ಲಂಡನ್ ಪೊಲೀಸನೊಬ್ಬ ಒಬ್ಬ ಹೆಣ್ಣುಮಗಳನ್ನು ಅಪಹರಿಸಿ ಕೊಂದ. ಅದಾದ ಮೇಲೆ ಲೂಯಿಸ್ ಕೇಸಿ ಅವರು ತನಿಖೆ ನಡೆಸಿ 2023ರಲ್ಲಿ ಕೊಟ್ಟ ವರದಿ, ಆ ಪೊಲೀಸ್ ಪಡೆಯೊಳಗೇ ಜನಾಂಗದ್ವೇಷ, ಹೆಣ್ಣುದ್ವೇಷ ಬೇರೂರಿದೆ ಅಂತ ಹೇಳಿತು. ಯೋಜನೆ, ಸಮಿತಿ ಎಲ್ಲ ಇದ್ದೂ ಹೀಗಾಯಿತು. ಆದರೂ ಆ ವರದಿಯನ್ನು ಯಾರು ಬೇಕಾದರೂ ಓದಬಹುದು, ಅದನ್ನು ಹಿಡಿದು ಪ್ರಶ್ನೆ ಕೇಳಬಹುದು. ನಮಗೆ ಬೇಕಾದದ್ದು ಕನಿಷ್ಠ ಅಷ್ಟು.

ಪ್ರಶ್ನೆ: ಕೇಸು ಕಡಿಮೆಯಾದರೆ ಪೊಲೀಸರು ಒಳ್ಳೆ ಕೆಲಸ ಮಾಡಿದ್ದಾರೆ ಅಂತಲೇ ಅಲ್ವಾ? (ಉಪ್ಪಳ)

ಉತ್ತರ: ಅಲ್ಲ. ಇದನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಕೇಸಿನ ಸಂಖ್ಯೆ ಇಳಿದರೆ ಶಹಬ್ಬಾಸ್, ಏರಿದರೆ ಬೈಗುಳ ಅಂತಾದರೆ ಠಾಣೆಯವರು ಏನು ಮಾಡುತ್ತಾರೆ? ಬಂದ ದೂರನ್ನು ಬರೆದುಕೊಳ್ಳುವುದಿಲ್ಲ. ರಾಜಿ ಮಾಡಿಸಿ ಕಳಿಸುತ್ತಾರೆ, ನಾಳೆ ಬನ್ನಿ ಅನ್ನುತ್ತಾರೆ. ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಬೇಕಾಗಿ ಬಂದದ್ದು ಈ ಚಾಳಿಯಿಂದಲೇ. ಅಪರಾಧದ ಲೆಕ್ಕ ಇಡುವ ಕೇಂದ್ರದ ಎನ್‌ಸಿಆರ್‌ಬಿಯೇ ತನ್ನ ವರದಿಯಲ್ಲಿ, ದಾಖಲೆ ಏರಿದ್ದಕ್ಕೆ ಅಪರಾಧ ಏರಿತು ಅಂತ ಅರ್ಥ ಮಾಡಬಾರದು ಎಂದು ಎಚ್ಚರಿಸುತ್ತದೆ. ಹೆಂಗಸರು ಧೈರ್ಯವಾಗಿ ಠಾಣೆಗೆ ಬರತೊಡಗಿದರೂ ಅಂಕಿ ಏರುತ್ತದೆ, ಅಲ್ವಾ? ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ. ಫೋನ್ ಮಾಡಿದ ಮೇಲೆ ಎಷ್ಟು ನಿಮಿಷಕ್ಕೆ ಬಂದಿರಿ, ಎಷ್ಟು ದೂರನ್ನು ತಿರುಗಿಸಿ ಕಳಿಸಿದಿರಿ, ಎಷ್ಟು ಕೇಸು ಕೋರ್ಟಿನಲ್ಲಿ ಸಾಬೀತಾಯಿತು, ಠಾಣೆಗೆ ಬಂದವರು ಮತ್ತೆ ಬರಲು ಹೆದರುತ್ತಾರಾ?

ಪ್ರಶ್ನೆ: ನಮ್ಮಲ್ಲಿ ದೂರು ಕನ್ನಡದಲ್ಲಿ ಕೊಟ್ಟರೆ ತಗೊಳ್ತಾರಾ? ಮಂಗಳೂರಿನಲ್ಲಿ ಏನಾದರೂ ಆದರೆ ಎಲ್ಲಿಗೆ ಹೋಗಬೇಕು? (ಮಂಜೇಶ್ವರ)

ಉತ್ತರ: ತಗೊಳ್ಳಲೇಬೇಕು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡದಲ್ಲಿ ಬರೆಯುವ ಹಕ್ಕನ್ನು ಬೇರೆಯಾಗಿಯೇ ಕೊಟ್ಟಿದೆ. ತೊಂದರೆ ಬರುವುದು ಬಾಯಲ್ಲಿ ಹೇಳಿದಾಗ. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವರಿಗೆ ಕನ್ನಡ, ತುಳು ಬಾರದು, ಹೇಳಿಕೆ ಮಲಯಾಳದಲ್ಲಿ ಬರೆಯುತ್ತಾರೆ, ನಮ್ಮವರು ಕಣ್ಣುಮುಚ್ಚಿ ಸಹಿ ಹಾಕುತ್ತಾರೆ. ಹಾಗೆ ಮಾಡಬೇಡಿ. ಬರೆದದ್ದನ್ನು ಓದಿ ಹೇಳಬೇಕು ಅನ್ನುವುದು ಕಾನೂನು. ಅರ್ಥವಾಗುವ ಭಾಷೆಯಲ್ಲಿ ಹೇಳಿ ಅಂತ ಕೇಳಿ, ಆಮೇಲೆ ಸಹಿ. ಎಫ್‌ಐಆರ್‌ನ ಪ್ರತಿ ಪುಕ್ಕಟೆ ಕೊಡಬೇಕು.

ಮಂಗಳೂರಿನ ವಿಷಯ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ, ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ದೂರು ಬರೆಸಬಹುದು. ಇದನ್ನು ಜೀರೊ ಎಫ್‌ಐಆರ್ ಅನ್ನುತ್ತಾರೆ. ಆಸ್ಪತ್ರೆಗೆ, ಕಾಲೇಜಿಗೆ ಅಂತ ದಿನಾ ಗಡಿಯ ತಲಪಾಡಿ ದಾಟುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. ಮಂಜೇಶ್ವರದಲ್ಲಿ ಬರೆಸಿ, ಅವರೇ ಆಚೆ ಕಳಿಸುತ್ತಾರೆ. ಆದರೆ ಪೊಲೀಸರ ಮೇಲೆಯೇ ದೂರಿದ್ದರೆ ಆಯಾ ರಾಜ್ಯದ ಪೊಲೀಸ್ ದೂರು ಪ್ರಾಧಿಕಾರಕ್ಕೇ ಹೋಗಬೇಕು. ಕೇರಳದಲ್ಲಿ ಡಿವೈಎಸ್‌ಪಿವರೆಗಿನವರ ಮೇಲಿನ ದೂರನ್ನು ಸಾಮಾನ್ಯವಾಗಿ ಜಿಲ್ಲಾ ಪ್ರಾಧಿಕಾರ ನೋಡುತ್ತದೆ. ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರಾಗಿದ್ದವರು, ಸರಿ. ಆದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥರೂ ಅದರಲ್ಲಿ ಸದಸ್ಯರು. ತನ್ನ ಕೈಕೆಳಗಿನವರ ಮೇಲಿನ ದೂರನ್ನು ಅವರೇ ಕೂತು ಕೇಳುವುದು ಸರಿಯಲ್ಲ. ಆ ಜಾಗದಲ್ಲಿ ಹೊರಗಿನವರೊಬ್ಬರು ಇರಬೇಕು, ಈ ಜಿಲ್ಲೆಯಲ್ಲಂತೂ ಕನ್ನಡ ಬಲ್ಲವರೇ ಇರಬೇಕು.

ಪ್ರಶ್ನೆ: ಠಾಣೆಯ ಸಿಸಿಟಿವಿ ದೃಶ್ಯ ನಮಗೆ ಸಿಗುತ್ತದಾ? ಜನಮೈತ್ರಿ ಸಭೆಗೆ ಹೋಗಿ ಪ್ರಯೋಜನ ಇದೆಯಾ? (ಮುಳ್ಳೇರಿಯ)

ಉತ್ತರ: ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು, ಲಾಕಪ್ ಸೇರಿ ಯಾವ ಮೂಲೆಯೂ ಬಿಟ್ಟುಹೋಗಬಾರದು ಅಂತ ಸುಪ್ರೀಂ ಕೋರ್ಟು 2020ರ ಡಿಸೆಂಬರ್‌ನಲ್ಲಿ ಹೇಳಿದೆ. ದೃಶ್ಯವನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕು. ಠಾಣೆಯೊಳಗೆ ಹೊಡೆತ ಬಿದ್ದಿದ್ದರೆ ಮಾನವ ಹಕ್ಕು ಆಯೋಗವೋ ಕೋರ್ಟೋ ಅದನ್ನು ತರಿಸಬಹುದು, ಹಾಗಾಗಿ ದೂರು ಕೊಡಲು ತಡಮಾಡಬೇಡಿ. ಇದನ್ನು ನೋಡಿಕೊಳ್ಳುವ ಜಿಲ್ಲಾ ಸಮಿತಿಯಲ್ಲಿ ಚುನಾಯಿತರೊಬ್ಬರಿಗೂ ಜಾಗ ಇದೆ: ನಗರದಲ್ಲಿ ಮೇಯರ್, ಹಳ್ಳಿಯ ಕಡೆ ಜಿಲ್ಲಾ ಪಂಚಾಯತ್ ಮುಖ್ಯಸ್ಥರು. ನಿಮ್ಮ ವಾರ್ಡ್ ಮೆಂಬರ್ ಮೂಲಕ ಅವರನ್ನೇ ಕೇಳಿಸಿ, ಆ ಸಮಿತಿ ಕೊನೆಗೆ ಕೂತದ್ದು ಯಾವಾಗ ಅಂತ.

ಜನಮೈತ್ರಿ ಸಭೆಗೆ ಖಂಡಿತ ಹೋಗಿ. ಕೇರಳ ಪೊಲೀಸರು 2008ರಲ್ಲಿ ಶುರು ಮಾಡಿದ ಈ ವ್ಯವಸ್ಥೆಯಲ್ಲಿ ಬೀಟ್ ಪೊಲೀಸರು ಮನೆಮನೆಗೆ ಬಂದು ಪರಿಚಯ ಮಾಡಿಕೊಳ್ಳಬೇಕು, ಊರಿನವರ ಸಮಿತಿ ಠಾಣೆಯವರ ಜೊತೆ ಕೂರಬೇಕು. ಭಾಷಣ ಕೇಳಿ ಚಹಾ ಕುಡಿದು ಬರಬೇಡಿ. ಮುಂದಿನ ಮೂರು ತಿಂಗಳು ಶಾಲೆ ಬಿಡುವ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿ ಯಾರಿರುತ್ತಾರೆ ಅಂತ ಕೇಳಿ, ಉತ್ತರವನ್ನು ಸಭೆಯ ಪುಸ್ತಕದಲ್ಲಿ ಬರೆಸಿ. ಮುಂದಿನ ಸಭೆಯಲ್ಲಿ ಮೊದಲು ಓದಬೇಕಾದದ್ದು ಆ ಸಾಲು.