ಹಳೇ ಕಾರಿನ ಬ್ರೇಕ್ ಕ್ಯಾಲಿಪರ್ ಜಾಮ್ ಆಗ್ತಾ ಉಂಟು, ರಿಪೇರಿ ಮಾಡಿಸುವುದಾ ಹೊಸತು ಹಾಕಿಸುವುದಾ?

ಮುಂದಿನ ಎಡಚಕ್ರ ಕೈ ಇಡ್ಲಿಕ್ಕಾಗದಷ್ಟು ಬಿಸಿ, ಗಾಡಿ ಎಡಕ್ಕೆ ಎಳೀತದೆ, 2006ರ ಕಾರು, ಮೆಕ್ಯಾನಿಕ್ ಎರಡೂ ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡಿನ ನಡುವೆ ಅಮುಕಿ ಹಿಡಿಯುವ ಭಾಗ) ಹೊಸತು ಹಾಕಿಸಿ ಅಂತಾನೆ, ರಿಪೇರಿ ಮಾಡಿಸಿದರೆ ಸಾಲದಾ ಅಂತ ಕೇಳಿದ್ದೀರಿ. ಓದುವಾಗಲೇ ಆ ಸುಟ್ಟ ವಾಸನೆ ನನ್ನ ಮೂಗಿಗೆ ಬಂತು. ನನ್ನದೂ ಇದೇ ಕಥೆ. ಆದದ್ದು ಮಾತ್ರ ಆಗುಂಬೆ ಘಾಟಿಯಲ್ಲಿ, ಅಮ್ಮನನ್ನು ಹಿಂದೆ ಕೂರಿಸಿಕೊಂಡು.

2018ರ ಮಾತು. ನಮ್ಮದು 2002ರ ಮಾರುತಿ ಝೆನ್. ಅಪ್ಪ ತೆಗೆದದ್ದು, ಅಪ್ಪ ಹೋದ ಮೇಲೆ ನನ್ನ ಪಾಲಿಗೆ ಬಂದದ್ದು. 15 ವರ್ಷ ಮುಗಿದಾಗ ಮಾರಿಬಿಡು ಅಂತ ಮನೆಯಲ್ಲಿ ಎಲ್ಲರೂ ಹೇಳಿದರೂ ಕೇಳದೆ ಆರ್‌ಟಿಓ ಆಫೀಸಿಗೆ ಅಲೆದು ಇನ್ನೈದು ವರ್ಷಕ್ಕೆ ರಿನ್ಯೂ ಮಾಡಿಸಿಕೊಂಡು ಬಂದಿದ್ದೆ. ಉಡುಪಿ ಕಡೆಯ ಮಳೆ ನಿಮಗೆ ಗೊತ್ತಿರಬಹುದು. ಜೂನಿನಿಂದ ಸೆಪ್ಟೆಂಬರ್ ತನಕ ಗಾಡಿಯ ಅಡಿ ಒಣಗುವುದು ಅಂತಲೇ ಇಲ್ಲ. ಆ ಆಗಸ್ಟಿನಲ್ಲಿ ಎಡಚಕ್ರ ಸ್ವಲ್ಪ ಸ್ವಲ್ಪ ಹಿಡಿಯಲಿಕ್ಕೆ ಶುರುವಾಯಿತು. ಮನೆ ಎದುರಿನ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ತಾನಾಗಿ ಉರುಳಿ ಗೇಟಿನ ತನಕ ಹೋಗುತ್ತಿದ್ದ ಕಾರು ಅರ್ಧಕ್ಕೇ ನಿಲ್ಲುತ್ತಿತ್ತು.

ಇದೆಂತ ಮಹಾ ಕೆಲಸ ಅಂತ ಒಂದು ಭಾನುವಾರ ನಾನೇ ಬಿಚ್ಚಿದೆ. ಜಾಕ್ ಕೊಟ್ಟು, ಚಕ್ರ ತೆಗೆದು, ಕ್ಯಾಲಿಪರನ್ನು ಕಳಚಿ ತಂತಿಯಲ್ಲಿ ಕಟ್ಟಿ ನೇತು ಹಾಕಿದೆ. (ಬ್ರೇಕಿಗೆ ದ್ರವ ತರುವ ಹೋಸ್ ಪೈಪಿನ ಮೇಲೆ ಭಾರ ಬಿಡಬಾರದು ಅನ್ನುವಷ್ಟು ಬುದ್ಧಿ ಇತ್ತು.) ಕ್ಯಾಲಿಪರ್ ಹಿಂದೆ ಮುಂದೆ ಜಾರುವ ಎರಡು ಪಿನ್ನುಗಳಲ್ಲಿ ಕೆಳಗಿನದ್ದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಒಳಗಿನ ಪ್ಯಾಡು ಹೊರಗಿನದ್ದಕ್ಕಿಂತ ಬೇಗ ಸವೆದಿತ್ತು, ಪಿನ್ನು ಜಾರದಿದ್ದರೆ ಹಾಗೆಯೇ ಆಗುವುದು. ಅಲ್ಲಿಯವರೆಗೆ ನನ್ನ ಲೆಕ್ಕ ಸರಿಯೇ. ಪ್ಯಾಡನ್ನು ಒತ್ತುವ ಪಿಸ್ಟನ್ನನ್ನೂ ಹೊರಗೆ ತೆಗೆದೆ. ಕ್ಯಾಲಿಪರ್ ಕಿಟ್ (ಪಿಸ್ಟನ್ ಸುತ್ತ ಕೂರುವ ಸೀಲು, ಮುಸುಕಿನ ಹಾಗಿರುವ ಬೂಟು, ಇಂಥ ಹೊಸ ರಬ್ಬರುಗಳ ಸೆಟ್) ಕೇಳಿದ್ದಕ್ಕೆ ಅಂಗಡಿಯವ ₹350, ನಾಡಿದ್ದು ಬರ್ತದೆ ಅಂದ. ನಾಡಿದ್ದು ಯಾರು ಕಾಯುವುದು? ಹಳೇ ರಬ್ಬರ್ ಮೆತ್ತಗೆ, ಕಪ್ಪಗೆ, ಒಂದು ಬಿರುಕೂ ಇಲ್ಲದೆ ಉಂಟು. ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದೆ. ಕೊಟ್ಟಿಗೆಯಲ್ಲಿ ಪಂಪಿನ ಬೇರಿಂಗಿಗೆ ಹಾಕುವ ಗ್ರೀಸಿನ ಡಬ್ಬಿ ಇತ್ತು. ಎರಡು ಬೆರಳಲ್ಲಿ ತೆಗೆದು ಪಿನ್ನಿಗೆ, ಪಿನ್ನಿನ ಬೂಟಿಗೆ, ಸಾಲದ್ದಕ್ಕೆ ಪಿಸ್ಟನ್ನಿನ ಸೀಲಿಗೂ ಧಾರಾಳವಾಗಿ ಬಳಿದೆ.

ಆ ಎರಡು ಬೆರಳಿನ ಗ್ರೀಸೇ ನನ್ನ ತಪ್ಪು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳ್ತೇನೆ, ಬೇಜಾರು ಮಾಡ್ಕೊಳ್ಳಬೇಡಿ.

ಬ್ರೇಕಿನ ಒಳಗಿರುವ ದ್ರವಕ್ಕೆ ನಾವು ಬ್ರೇಕ್ ಆಯಿಲ್ ಅಂತೇವೆ. ಆ ಹೆಸರೇ ನನ್ನನ್ನು ಕೆಡಿಸಿದ್ದು. ಹದಿನಾರು ವರ್ಷ ಆಯಿಲಿನಲ್ಲಿ ಮುಳುಗಿಕೊಂಡಿರುವ ರಬ್ಬರಿಗೆ ಚೂರು ಗ್ರೀಸು ಎಂತ ಮಾಡೀತು ಅಂತ ನನ್ನ ತರ್ಕ. ಆದರೆ ಬ್ರೇಕ್ ಆಯಿಲ್ ಎಣ್ಣೆಯೇ ಅಲ್ಲ. ಅದು ಗ್ಲೈಕಾಲ್ ಜಾತಿಯ ರಾಸಾಯನಿಕ. ಒಂದು ಹನಿ ನೀರಿಗೆ ಬಿಟ್ಟು ನೋಡಿ, ಕರಗಿ ಹೋಗ್ತದೆ. ಇಂಜಿನ್ ಆಯಿಲ್ ಬಿಟ್ಟರೆ ಮೇಲೆ ತೇಲ್ತದೆ. ಬ್ರೇಕಿನ ಒಳಗಿರುವ ಇ.ಪಿ.ಡಿ.ಎಂ. ಎಂಬ ಜಾತಿಯ ರಬ್ಬರ್ ಗ್ಲೈಕಾಲಿನಲ್ಲಿ ವರ್ಷಗಟ್ಟಲೆ ಆರಾಮಾಗಿ ಇರ್ತದೆ. ಅದಕ್ಕೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಇಂಜಿನ್ ಆಯಿಲ್, ಮಾಮೂಲಿ ಗ್ರೀಸ್ ಯಾವುದೂ ಆಗುವುದಿಲ್ಲ. ತಾಗಿದರೆ ನೆನೆಹಾಕಿದ ಕಡಲೆಯ ಹಾಗೆ ಊದ್ತದೆ. ಒಂದೇ ದಿನದಲ್ಲಿ ಅಲ್ಲ, ವಾರಗಟ್ಟಲೆ ತೆಗೆದುಕೊಂಡು. ಹಾಗಾಗಿ ಮೊದಲ ವಾರ ನಿಮ್ಮ ರಿಪೇರಿ ಬೆಣ್ಣೆ ಹಾಗೆ ಕೆಲಸ ಮಾಡ್ತದೆ. ನನ್ನ ಗಾಡಿ ಗೇಟು ದಾಟಿ ರಸ್ತೆಗೇ ಉರುಳಿತು. ನಾನು ಪಕ್ಕದ ಮನೆಯವರನ್ನು ಕರೆದು ತೋರಿಸಿದ್ದೇ ತೋರಿಸಿದ್ದು.

ಅಕ್ಟೋಬರಿನಲ್ಲಿ ತೀರ್ಥಹಳ್ಳಿಯಲ್ಲಿ ಮದುವೆ. ಹೋಗುವಾಗ ಎಂತ ತೊಂದರೆಯೂ ಆಗಲಿಲ್ಲ. ಮಧ್ಯಾಹ್ನ ಊಟ ಮಾಡಿ ಹೊರಟು ಮೇಗರವಳ್ಳಿ ದಾಟುವಾಗ ಹೆಂಡತಿ ಏನೋ ಸುಟ್ಟ ವಾಸನೆ ಅಂದಳು. ಎದುರಿನ ಲಾರಿಯ ಕ್ಲಚ್ಚು ಅಂದೆ. ಲಾರಿ ತೀರ್ಥಹಳ್ಳಿ ಕಡೆಗೆ ಹೋಗಿ ಐದು ನಿಮಿಷ ಆಗಿತ್ತು, ವಾಸನೆ ನಮ್ಮ ಜೊತೆಗೇ ಬರ್ತಾ ಇತ್ತು. ಆಗುಂಬೆಯಲ್ಲಿ ಚಾ ಕುಡಿಯಲಿಕ್ಕೆ ನಿಲ್ಲಿಸಿದೆ. ಇಳಿದು ಚಕ್ರ ಮುಟ್ಟಿ ನೋಡಬೇಕಿತ್ತು, ನೋಡಲಿಲ್ಲ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಐದಾರು ಇಳಿದಿರಬಹುದು, ಬ್ರೇಕ್ ಪೆಡಲು ಮೆತ್ತಗಾಯಿತು. ಮುಂದಿನ ತಿರುವಿನಲ್ಲಿ ಒತ್ತಿದರೆ ಕೆಳಗೆ ಮ್ಯಾಟಿನ ತನಕ ಹೋಯಿತು. ಒತ್ತಿದ ಕಾಲಿಗೆ ಏನೂ ಸಿಗದೇ ಇರುವುದು ಹೇಗಿರ್ತದೆ ಅಂತ ಹೇಳಿದರೆ ಗೊತ್ತಾಗುವುದಿಲ್ಲ. ರಾತ್ರಿ ಮೆಟ್ಟಿಲು ಮುಗಿಯಿತು ಅಂದುಕೊಂಡು ಕಾಲಿಟ್ಟಾಗ ಇನ್ನೊಂದು ಮೆಟ್ಟಿಲು ಇರ್ತದಲ್ಲ, ಹಾಗೆ. ಸೆಕೆಂಡ್ ಗೇರಿನಲ್ಲಿದ್ದೆ, ಫಸ್ಟಿಗೆ ಎಳೆದೆ. ಇಂಜಿನ್ ಕಿರುಚಿತು. ಹ್ಯಾಂಡ್‌ಬ್ರೇಕನ್ನು ನಿಧಾನ ಎತ್ತುತ್ತಾ ಗುಡ್ಡದ ಬದಿಯ ಚರಂಡಿಗೆ ತಾಗಿಸಿ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕು ಕೇಬಲ್ಲಿನಲ್ಲಿ ಹಿಂದಿನ ಡ್ರಮ್ಮಿಗೆ ಹೋಗುವುದು, ಅದಕ್ಕೆ ಬ್ರೇಕ್ ಆಯಿಲಿನ ಹಂಗಿಲ್ಲ. ನಮ್ಮನ್ನು ಉಳಿಸಿದ್ದು ಅದೇ.

ಎಡಚಕ್ರದಿಂದ ಹೊಗೆ. ಪ್ಲಾಸ್ಟಿಕ್ ವೀಲ್ ಕ್ಯಾಪ್ ಒಂದು ಕಡೆ ಕರಗಿ ಜೋತು ಬಿದ್ದಿತ್ತು. ಅಮ್ಮ ನೀರಿನ ಬಾಟ್ಲಿ ತೆಗೆದುಕೊಂಡು ಹೊಯ್ಯಲಿಕ್ಕೇ ಹೊರಟರು. ಹಿಂದಿನಿಂದ ಬಂದ ಮಿನಿ ಬಸ್ಸಿನ ಡ್ರೈವರ್ ಕಿಟಕಿಯಿಂದಲೇ ಕೂಗಿದ: "ಅಮ್ಮಾ, ನೀರು ಹಾಕ್ಬೇಡಿ, ಡಿಸ್ಕ್ ಬಿರೀತದೆ!" ಮುಕ್ಕಾಲು ಗಂಟೆ ಅಲ್ಲೇ ಕೂತೆವು. ತಣ್ಣಗಾದ ಮೇಲೆ ಪೆಡಲು ತಾನಾಗಿ ವಾಪಸ್ ಗಟ್ಟಿಯಾಯಿತು. ಅದು ಇನ್ನೂ ಹೆದರಿಕೆಯ ವಿಷಯ. ಆಗ ಯಾವ ಮೆಕ್ಯಾನಿಕ್ ಬಂದು ಒತ್ತಿ ನೋಡಿದ್ದರೂ ಬ್ರೇಕ್ ಸರಿ ಉಂಟು ಅಂತಲೇ ಹೇಳ್ತಿದ್ದ. ಫಸ್ಟ್ ಗೇರಿನಲ್ಲೇ ಸೋಮೇಶ್ವರ, ಅಲ್ಲಿಂದ ಇರುವೆಯ ಹಾಗೆ ಹೆಬ್ರಿ.

ಹೆಬ್ರಿ ಹತ್ತಿರ ಒಂದು ಶೆಡ್ಡಿನಲ್ಲಿ ಎಪ್ಪತ್ತರ ಹತ್ತಿರದ ಒಬ್ಬರು ಮೆಕ್ಯಾನಿಕ್. ಕ್ಯಾಲಿಪರ್ ಬಿಚ್ಚಿ, ಬೆರಳಿಗೆ ತಾಗಿದ್ದನ್ನು ಮೂಸಿ ನೋಡಿ, ನನ್ನ ಮುಖ ನೋಡಿದರು.

"ಇದು ಬೇರಿಂಗ್ ಗ್ರೀಸ್ ಅಲ್ವಾ ಮಾರಾಯ್ರೆ? ಯಾರು ಹಾಕಿದ್ದು?"

"ಯಾರೋ ಒಬ್ಬ" ಅಂದೆ.

ಅವರು ಹೆಚ್ಚು ಕೇಳಲಿಲ್ಲ. ಹಳೇ ಸೀಲನ್ನು ಸೂಜಿಯಲ್ಲಿ ಎಬ್ಬಿಸಿ ತೆಗೆದು ಒಂದು ಪೇಪರಿನ ಮೇಲೆ ಇಟ್ಟರು. ಪಕ್ಕದಲ್ಲಿ ಕಿಟ್ಟಿನ ಹೊಸ ಸೀಲು. ಎರಡೂ ಮಕ್ಕಳ ಬಳೆ ಹಾಗೆ. ಹೊಸತನ್ನು ಎತ್ತಿ ಹಳೆಯದರ ಒಳಗೆ ಇಟ್ಟರು, ಸುತ್ತ ಎಲ್ಲಿಯೂ ತಾಗದೆ ಕೂತಿತು. ಮತ್ತೆ ಹಳೆಯದನ್ನು ಅದರ ಕಾಲುವೆಗೆ ವಾಪಸ್ ಕೂರಿಸಲಿಕ್ಕೆ ನೋಡಿದರು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ಬರ್ತಾ ಇತ್ತು.

ಅದನ್ನು ನೋಡಿದ ಮೇಲೆ ನನಗೆ ಡಿಸ್ಕ್ ಬ್ರೇಕು ಅರ್ಥ ಆದದ್ದು. ಡ್ರಮ್ ಬ್ರೇಕಿನಲ್ಲಿ ಡ್ರಮ್ಮಿಗೆ ಒತ್ತುವ ಶೂ ಹಿಂದೆ ಎಳೆಯಲಿಕ್ಕೆ ಸ್ಪ್ರಿಂಗ್ ಉಂಟು. ಕ್ಯಾಲಿಪರಿನಲ್ಲಿ ಪಿಸ್ಟನ್ ಹಿಂದೆ ಎಳೆಯಲಿಕ್ಕೆ ಸ್ಪ್ರಿಂಗೇ ಇಲ್ಲ. ಆ ಚೌಕ ಅಂಚಿನ ರಬ್ಬರ್ ಬಳೆಯೇ ಸ್ಪ್ರಿಂಗು. ಬ್ರೇಕ್ ಒತ್ತಿದಾಗ ಪಿಸ್ಟನ್ ಮುಂದೆ ಹೋಗ್ತದೆ, ಅದನ್ನು ತಬ್ಬಿಕೊಂಡ ಸೀಲು ಸ್ವಲ್ಪ ಬಾಗ್ತದೆ. ಬಿಟ್ಟಾಗ ಸೀಲು ನೆಟ್ಟಗಾಗ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ಎಳ್ಕೊಳ್ತದೆ. ಪ್ಯಾಡು ಡಿಸ್ಕನ್ನು ಬಿಡುವುದು ಅಷ್ಟೇ ಜಾಗದಲ್ಲಿ. ಸೀಲು ಊದಿ ಕಾಲುವೆ ತುಂಬಿಕೊಂಡರೆ ಬಾಗಲಿಕ್ಕೆ ಎಡೆ ಎಲ್ಲಿ? ಪಿಸ್ಟನ್ ಹೋದಲ್ಲೇ ನಿಲ್ತದೆ. ಪ್ಯಾಡು ತೀರ್ಥಹಳ್ಳಿಯಿಂದ ಆಗುಂಬೆ ತನಕ ಡಿಸ್ಕಿಗೆ ಉಜ್ಜಿಕೊಂಡೇ ಬಂದಿತ್ತು. ಆ ಬಿಸಿ ಬ್ರೇಕ್ ಆಯಿಲಿಗೆ ಹತ್ತಿ, ಅದರಲ್ಲಿದ್ದ ನೀರು ಕುದಿದು ಗುಳ್ಳೆ ಎದ್ದಿತು. ದ್ರವವನ್ನು ಒತ್ತಿದರೆ ಬ್ರೇಕ್ ಹಿಡೀತದೆ, ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಸಣ್ಣದಾಗ್ತದೆ ಅಷ್ಟೇ.

₹350 ಉಳಿಸಲಿಕ್ಕೆ ಹೋಗಿ ಎರಡು ಡಿಸ್ಕ್, ಪ್ಯಾಡ್ ಸೆಟ್, ಎಡಗಡೆ ವೀಲ್ ಬೇರಿಂಗ್, ಎರಡೂ ಕಡೆಯ ಕಿಟ್, ಹೋಸ್, ಕೂಲಿ ಎಲ್ಲ ಸೇರಿ ₹9,400 ಕೊಟ್ಟೆ. ಲೆಕ್ಕಕ್ಕೆ ಸೇರದ್ದು ಅಂದರೆ ಅಮ್ಮ ಆಮೇಲೆ ಎರಡು ವರ್ಷ ನನ್ನ ಗಾಡಿಯಲ್ಲಿ ಘಾಟಿ ಹತ್ತಲಿಲ್ಲ, ಬಸ್ಸಿನಲ್ಲೇ ಹೋಗ್ತಿದ್ದರು.

ಗಮನಿಸಿ, ಆ ಬಿಲ್ಲಿನಲ್ಲಿ ಕ್ಯಾಲಿಪರ್ ಇಲ್ಲ. ಅದು ಹಳೆಯದೇ, ಈಗಲೂ ಅದೇ. ಹಾಗಾಗಿ ರಿಪೇರಿಯಾ ಹೊಸತಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಕ್ಯಾಲಿಪರ್ ಅಂದರೆ ಒಂದು ಎರಕದ ಗಟ್ಟಿ. ಅದಕ್ಕೆ ಇಪ್ಪತ್ತು ವರ್ಷ ದೊಡ್ಡ ವಯಸ್ಸಲ್ಲ. ಮುದಿಯಾಗುವುದು ರಬ್ಬರ್. ಸೀಲು, ಬೂಟು, ಹೋಸ್ ಮೂರೂ ರಬ್ಬರೇ. ಕಬ್ಬಿಣ ಬದಲಿಸಿ ಹಳೇ ರಬ್ಬರ್ ಬಿಟ್ಟವರು ದುಡ್ಡು ನೀರಿಗೆ ಹಾಕಿದ ಹಾಗೆ. ನಿಮ್ಮ ಮೆಕ್ಯಾನಿಕ್ ಎರಡೂ ಹೊಸತು ಹಾಕಿ ಅನ್ನುವ ಮೊದಲು ನಿಪ್ಪಲ್ (ಕ್ಯಾಲಿಪರಿನಿಂದ ಆಯಿಲು ಹೊರಗೆ ಬಿಡುವ ಸಣ್ಣ ಸ್ಕ್ರೂ) ಬಿಚ್ಚಿ ನೋಡಿದ್ದಾನಾ? ನೀವು ಅದನ್ನು ಬರೆದಿಲ್ಲ. ನೋಡಿಲ್ಲ ಅಂತಲೇ ನನ್ನ ಅಂದಾಜು.

ಪರೀಕ್ಷೆ ಹತ್ತು ನಿಮಿಷದ್ದು. ಗಾಡಿ ಓಡಿಸಿ, ಚಕ್ರ ಹಿಡಿದುಕೊಂಡಿರುವಾಗಲೇ ತಂದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಮುಂದೆ ಜಾಕ್ ಎತ್ತಿ, ಅಡಿಗೆ ಸ್ಟ್ಯಾಂಡ್ ಇಡಿ. ಕೈಯಲ್ಲಿ ತಿರುಗಿಸಿ ನೋಡಿ, ತಿರುಗುವುದಿಲ್ಲ. ಈಗ ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲನ್ನು ಸ್ವಲ್ಪ ಸಡಿಲ ಮಾಡಿ. ಮುಖ ದೂರ ಇಟ್ಟುಕೊಳ್ಳಿ, ಆಯಿಲು ಬಿಸಿ ಇರ್ತದೆ, ಪೇಂಟಿಗೆ ಬಿದ್ದರೆ ಪೇಂಟೂ ಹೋಯಿತು. ಆಯಿಲು ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ ಒಳಗೆ ಒತ್ತಡ ಸಿಕ್ಕಿಹಾಕಿಕೊಂಡಿತ್ತು ಅಂತ ಅರ್ಥ, ತಪ್ಪು ಕ್ಯಾಲಿಪರಿನದ್ದಲ್ಲ. ಒಂದೇ ಚಕ್ರಕ್ಕೆ ಹೀಗಾದರೆ ಹೆಚ್ಚಾಗಿ ಹೋಸ್ ಪೈಪು. ಹೊರಗಿನಿಂದ ಹೊಸತರ ಹಾಗೆ ಕಾಣ್ತದೆ, ಒಳಪದರ ಊದಿ ದಾರಿ ಮುಚ್ಚಿರ್ತದೆ. ಕಾಲಿನ ಬಲಕ್ಕೆ ಆಯಿಲು ಒಳಗೆ ನುಗ್ತದೆ, ವಾಪಸ್ ಬರಲಿಕ್ಕೆ ಬಲ ಇಲ್ಲ. ಎರಡೂ ಚಕ್ರ ಒಟ್ಟಿಗೆ ಹಿಡಿದರೆ ಪೆಡಲಿನ ಬಲವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಕಡೆ ನೋಡಬೇಕು. ನಿಪ್ಪಲ್ ಬಿಚ್ಚಿದ ಮೇಲೂ ಚಕ್ರ ಅಲ್ಲಾಡದಿದ್ದರೆ ಮಾತ್ರ ಕ್ಯಾಲಿಪರ್ ಬಿಚ್ಚಿ.

ಬಿಚ್ಚಿದರೆ ಪಿಸ್ಟನ್ ನೋಡಿ. ಸೀಲು ಕೂರುವ ಜಾಗದಲ್ಲಿ ಉಗುರು ಎಳೆದಾಗ ಗುಂಡಿ ತಾಗಿದರೆ ಆ ಪಿಸ್ಟನ್ ಮುಗಿಯಿತು. ಕೆಲವರು ಎಮರಿ ಪೇಪರಿನಲ್ಲಿ ಉಜ್ಜಿ ಹೊಳಪು ತಂದು ಕೊಡ್ತಾರೆ. ಮೇಲಿನ ಕ್ರೋಮ್ ಹೋದರೆ ಮುಂದಿನ ಮಳೆಗಾಲಕ್ಕೆ ಮತ್ತೆ ತುಕ್ಕು. ಪಿಸ್ಟನ್ ಬಿಡಿಯಾಗಿ ಸಿಗದಿದ್ದರೆ, ಅಥವಾ ಪಿಸ್ಟನ್ ಕೂರುವ ಗೋಡೆಯಲ್ಲೇ ಗುಂಡಿ ಬಿದ್ದಿದ್ದರೆ, ಆಗ ಹೊಸ ಕ್ಯಾಲಿಪರ್ ತೆಗೆದುಕೊಳ್ಳಿ, ಯೋಚನೆ ಬೇಡ. ಗುಜರಿಯಿಂದ ತಂದರೂ ನನ್ನ ತಕರಾರಿಲ್ಲ, ಆದರೆ ಒಳಗಿನ ರಬ್ಬರ್ ಹೊಸತಾಗಿರಬೇಕು. ಕಬ್ಬಿಣ ಒಂದು ಕಡೆಯದ್ದು ಮಾತ್ರ ಹಾಕಿದರೂ ನಡೀತದೆ ಅಂತ ನನ್ನ ಅಭಿಪ್ರಾಯ. ರಬ್ಬರ್ ಮಾತ್ರ ಎರಡೂ ಕಡೆ ಒಟ್ಟಿಗೆ, ಯಾಕೆಂದರೆ ಎಡದ್ದಕ್ಕೂ ಬಲದ್ದಕ್ಕೂ ವಯಸ್ಸು ಒಂದೇ. ಪ್ಯಾಡು, ಡಿಸ್ಕ್ ಕೂಡ ಜೋಡಿಯೇ.

ಪಿಸ್ಟನ್ ತೆಗೆಯಲಿಕ್ಕೆ ಗಾಳಿ ಹೊಡೆಯುವವರ ಎದುರು ಬೆರಳು ಇಡಬೇಡಿ, ಗುಂಡಿನ ಹಾಗೆ ಹಾರಿ ಬರ್ತದೆ. ಹೋಸ್ ಕಳಚುವ ಮೊದಲೇ ಪೆಡಲ್ ಒತ್ತಿ ಒತ್ತಿ ಹೊರಗೆ ತಂದರೆ ಒಳ್ಳೆಯದು.

ಇನ್ನು ಗ್ರೀಸು. ಪಿನ್ನಿಗೆ ಸಿಲಿಕೋನ್ ಗ್ರೀಸ್, ಬ್ರೇಕಿಗೆ ಅಂತಲೇ ಬರುವಂಥದ್ದು. ಸೀಲಿಗೆ ಗ್ರೀಸೇ ಬೇಡ, ಹೊಸ ಬ್ರೇಕ್ ಆಯಿಲಿನಲ್ಲಿ ಅದ್ದಿ ಕೂರಿಸಿದರೆ ಸಾಕು. ತೊಳೆಯಲಿಕ್ಕೂ ಅದೇ, ಕಬ್ಬಿಣಕ್ಕೆ ಮಾತ್ರ ಆದರೆ ಬ್ರೇಕ್ ಕ್ಲೀನರ್ ಸ್ಪ್ರೇಯೂ ಆಗ್ತದೆ. ನಿಮ್ಮ ಮೆಕ್ಯಾನಿಕ್ ಸೀಮೆಎಣ್ಣೆ ಡಬ್ಬಿ ಎತ್ತಿಕೊಂಡು ಬಂದರೆ ಗಾಡಿ ವಾಪಸ್ ತೆಗೆದುಕೊಂಡು ಹೋಗಿ. ಅವನಿಗೆ ಬೇಜಾರಾದರೆ ಆಗಲಿ.

ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಅದು ಗಾಳಿಯಲ್ಲಿರುವ ತೇವವನ್ನು ಹೀರ್ತಾ ಇರ್ತದೆ. ಡಾಟ್ 3 ಅನ್ನುವ ದರ್ಜೆಯ ಆಯಿಲು ಹೊಸತಿರುವಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ, ನೀರು ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳೀತದೆ. ಡಾಟ್ 4ಕ್ಕೆ 230 ಮತ್ತು 155. ಡಾಟ್ 3 ಇದ್ದಲ್ಲಿ ಡಾಟ್ 4 ಹಾಕಬಹುದು, ನಾನು ಹಾಕುವುದು ಅದನ್ನೇ, ಎರಡು ವರ್ಷಕ್ಕೊಮ್ಮೆ. ಡಾಟ್ 5 ಅಂತ ಸಿಲಿಕೋನಿನದ್ದು ಬೇರೆ ಉಂಟು, ಅದನ್ನು ಇದರ ಜೊತೆ ಬೆರೆಸಬಾರದು. ನನ್ನ ಝೆನ್ನಿನಲ್ಲಿ ಇದ್ದದ್ದು ಅಪ್ಪ ಯಾವಾಗಲೋ ಹಾಕಿಸಿದ್ದು, ಚಾ ಕಷಾಯದ ಬಣ್ಣಕ್ಕೆ ತಿರುಗಿತ್ತು.

ಮಾರಿಬಿಡಿ ಅಂತ ಕೆಳಗೆ ಇಬ್ಬರು ಬರೆದಿದ್ದಾರೆ. ಮಾರುವುದು ನಿಮ್ಮಿಷ್ಟ. ಆದರೆ ಹಿಡಿಯುವ ಬ್ರೇಕಿನ ಸಮೇತ ಇನ್ನೊಬ್ಬರಿಗೆ ಕೊಡಬೇಡಿ, ಅವರೂ ಯಾವುದಾದರೂ ಘಾಟಿ ಇಳೀತಾರೆ.

ಈ ಭಾನುವಾರ ಸಮಯ ಆದರೆ ಒಂದು 10 ಕಿಲೋಮೀಟರ್ ಸಪಾಟು ರಸ್ತೆಯಲ್ಲಿ ಓಡಿಸಿ, ನಿಪ್ಪಲ್ ಬಿಚ್ಚಿ ನೋಡಿ. ಚಕ್ರ ತಿರುಗಿತಾ ಇಲ್ಲವಾ ಅಂತ ಇಲ್ಲೇ ಬರೆಯಿರಿ, ಮುಂದಿನದ್ದು ಹೇಳ್ತೇನೆ.