ಓದುಗರ ಪ್ರಶ್ನೆ, ನಮ್ಮ ಉತ್ತರ: ಮಂದೆ ಕಾಣಲಿಲ್ಲ ಅಂದ್ರೆ ಭೂಮಿ ಖಾಲಿ ಅಂತಲ್ಲ

ಪ್ರಶ್ನೆ: ನದಿ ಪಕ್ಕದ ಎಷ್ಟೋ ಜಾಗದಲ್ಲಿ ವರ್ಷಕ್ಕೆ ಕೆಲವೇ ತಿಂಗಳು ದನ ಮೇಯ್ತವೆ, ಆಮೇಲೆ ಖಾಲಿ. ಅಲ್ಲಿ ನೀರಾವರಿ ಮಾಡಿ ಬೆಳೆ ತೆಗೆದ್ರೆ ತಪ್ಪೇನು? ದನ ಮೇಯಿಸೋರಿಗೆ ಬೇರೆ ಕಡೆ ಬೇಕಾದಷ್ಟು ಜಾಗ ಇದೆಯಲ್ಲ?

ಉತ್ತರ: ಪ್ಲಾನ್ ಮಾಡೋರೂ ಇದೇ ಲೆಕ್ಕ ಹಾಕೋದು, ಜಗಳ ಶುರುವಾಗೋದೂ ಇಲ್ಲಿಂದಾನೇ. ಮಳೆ ಬಿದ್ದಾಗ ಒಣಸೀಮೆ ಪೂರ್ತಿ ಹುಲ್ಲು, ಮಂದೆ ಎಲ್ಲಿ ಬೇಕಾದ್ರೂ ಹೋಗುತ್ತೆ, ಆದ್ರೆ ಬೇಸಿಗೇಲಿ ಹಸಿರು ಉಳಿಯೋದು ನದಿ ದಂಡೆಯ ಚೂರುಪಾರು ಜಾಗದಲ್ಲಿ ಮಾತ್ರ. ಆ ಚೂರು ಇದೆ ಅನ್ನೋ ಧೈರ್ಯದ ಮೇಲೇನೇ ಉಳಿದ ಅಷ್ಟೂ ಒಣಭೂಮಿ ಬಳಕೆ ಆಗ್ತಿರೋದು, ಅದನ್ನ ಕಿತ್ಕೊಂಡ್ರೆ ಉಳಿದದ್ದು ಮ್ಯಾಪಲ್ಲಿ ಎಷ್ಟೇ ದೊಡ್ಡದಾಗಿ ಕಂಡ್ರೂ ಪ್ರಯೋಜನ ಇಲ್ಲ. ಇಥಿಯೋಪಿಯಾದ ಅವಾಶ್ ಕಣಿವೇಲಿ 1960ರ ದಶಕದಲ್ಲಿ ಹತ್ತಿ, ಕಬ್ಬಿನ ದೊಡ್ಡ ತೋಟಗಳು ಎದ್ದಿದ್ದು ಅಫಾರ್ ಜನ ಬೇಸಿಗೇಲಿ ನಂಬ್ಕೊಂಡಿದ್ದ ದಂಡೆ ಮೇಲೇನೇ, 1970ರ ದಶಕದ ಶುರುವಿನ ಬರದಲ್ಲಿ ಅವರು ಅಷ್ಟೊಂದು ದನ ಕಳ್ಕೊಂಡಿದ್ದಕ್ಕೆ ಇದೂ ಒಂದು ಕಾರಣ.

ಬೇರೆ ದಾರಿ ಇಲ್ವಾ ಅಂದ್ರೆ ಇದೆ. ಮಾಲಿ ದೇಶದಲ್ಲಿ ನೈಜರ್ ನದಿ ಪ್ರತಿ ವರ್ಷ ಉಕ್ಕಿ ಹರಡ್ಕೊಳ್ಳೋ ಬಯಲಿದೆ. ನೆರೆ ಇಳಿದ ಮೇಲೆ ಅಲ್ಲಿ ಬೂರ್ಗು ಅನ್ನೋ ಹುಲ್ಲು ಸಿಗುತ್ತೆ, ಅದಕ್ಕೋಸ್ಕರ ಫುಲಾನಿ ದನಗಾಹಿಗಳು ದೂರದ ಒಣಸೀಮೆಯಿಂದ ವಾಪಸ್ ಬಂದು ಜಾಫರಾಬೆ ಅನ್ನೋ ಊರಿನ ಹತ್ರ ದನಗಳನ್ನ ನದೀಲಿ ಈಜಿಸಿ ದಾಟಿಸ್ತಾರೆ. ಯಾವ ಮಂದೆ ಮೊದಲು, ಯಾವುದು ಆಮೇಲೆ, ಯಾವ ದಾರಿ ಅಂತ 19ನೇ ಶತಮಾನದಲ್ಲಿ ಸೇಕು ಅಹ್ಮದು ಆಳ್ವಿಕೇಲೇ ಕಟ್ಟುಪಾಡು ಮಾಡಿದ್ರು. ದಾಟೋ ದಿನವನ್ನ ನೀರಿನ ಮಟ್ಟ ನೋಡಿ ಗೊತ್ತು ಮಾಡ್ತಾರೆ, ಭತ್ತ ಇನ್ನೂ ಗದ್ದೇಲಿದ್ರೆ ಅದನ್ನೂ ಲೆಕ್ಕಕ್ಕೆ ತಗೋಬೇಕು. ಒಂದೇ ನೆಲಕ್ಕೆ ನೀರಿದ್ದಾಗ ಒಬ್ಬ ಯಜಮಾನ, ಇಳಿದಾಗ ಇನ್ನೊಬ್ಬ. ನಮ್ಮ ಕಾಲದ ಪ್ಲಾನುಗಳಲ್ಲಿ ಎಕರೆಗೊಂದು ಕಾಲಂ ಇರುತ್ತೆ, ತಿಂಗಳಿಗೆ ಇರಲ್ಲ, ಇದೇ ನನ್ನ ತಕರಾರು.

ಪ್ರಶ್ನೆ: ಎಲ್ಲರ ಜಾಗ ಅಂದ್ರೆ ಯಾರದೂ ಅಲ್ಲ, ಎಲ್ಲರೂ ಮೇಯಿಸಿ ಬೋಳು ಮಾಡ್ತಾರೆ. ಒಂದು ಕಡೆ ನೆಲೆ ನಿಲ್ಲಿಸಿದ್ರೆ ಒಳ್ಳೇದಲ್ವಾ?

ಉತ್ತರ: 1968ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಹೇಳಿದ್ದೂ ಹೆಚ್ಚುಕಮ್ಮಿ ಇದೇ, ಆಮೇಲೆ ಅವರೇ ನಾನು ಹೇಳಿದ್ದು ನಿಯಮ ಇಲ್ಲದ ಸಾಮೂಹಿಕ ಭೂಮಿ ಬಗ್ಗೆ ಅಂತ ತಿದ್ದುಪಡಿ ಹಾಕಿದ್ರು. ನಿಯಮ ಇರೋ ಕಡೆ ಜನ ಹೇಗೆ ನಿಭಾಯಿಸ್ತಾರೆ ಅಂತ ತೋರಿಸಿದ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಕೊಡ್ತಿದ್ದ ಒಂದು ಉದಾಹರಣೆ ಕೇಳಿ: ಮಂಗೋಲಿಯಾ, ರಷ್ಯಾ, ಚೀನಾ ಗಡಿ ಸೇರೋ ಕಡೆಯ ಹುಲ್ಲುಗಾವಲು ಸ್ಯಾಟಲೈಟ್ ಚಿತ್ರದಲ್ಲಿ ನೋಡಿದ್ರೆ, ಋತುವಿಗೆ ತಕ್ಕ ಹಾಗೆ ಓಡಾಡೋಕೆ ಬಿಟ್ಟ ಮಂಗೋಲಿಯಾ ಭಾಗದಲ್ಲಿ ಸುಮಾರು ಹತ್ತನೇ ಒಂದು ಪಾಲು ಹಾಳಾಗಿತ್ತು, ಜನರನ್ನ ಒಂದೇ ಕಡೆ ಕೂರಿಸಿದ್ದ ರಷ್ಯಾ ಭಾಗದಲ್ಲಿ ಮುಕ್ಕಾಲು ಪಾಲು, ಚೀನಾದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ. ಬೋಳಾಗೋದು ಮಂದೆ ನಿಂತಾಗ.

ಪ್ರಶ್ನೆ: ಅದೆಲ್ಲಾ ಸರಿ ಸ್ವಾಮಿ, ಬೆಳೆಗೆ ನುಗ್ಗಿದ್ರೆ ರೈತ ಸುಮ್ನೆ ನೋಡ್ತಾ ಕೂರಬೇಕಾ?

ಉತ್ತರ: ಖಂಡಿತ ಬೇಡ, ನಷ್ಟ ಕಟ್ಟಿಕೊಡಲೇಬೇಕು. ಆದ್ರೆ ಮಂದೆ ನಡೆಯೋ ದಾರಿ ಎಷ್ಟು ಅಗಲ ಇದೆ ಅಂತಾನೂ ನೋಡಿ. ಎರಡೂ ಕಡೆಯಿಂದ ವರ್ಷಕ್ಕೊಂದು ಸಾಲು ಒತ್ತುವರಿ ಮಾಡ್ತಾ ಬಂದು ಕೊನೆಗೆ ಕಾಲುದಾರಿ ಉಳಿಸಿದ್ರೆ ಇನ್ನೂರು ದನ ಎಲ್ಲಿ ನಡೀಬೇಕು? ಸ್ಪೇನ್ ಈ ವಿಷಯದಲ್ಲಿ ಗಟ್ಟಿ. ಅಲ್ಲಿ 1995ರ ಕಾನೂನಿನ ಪ್ರಕಾರ ಕುರಿ, ದನದ ಹಳೇ ದಾರಿಗಳು ಸಾರ್ವಜನಿಕ ಆಸ್ತಿ, ಮಾರೋ ಹಾಗಿಲ್ಲ, ದೊಡ್ಡ ದಾರಿ 75 ಮೀಟರ್‌ವರೆಗೂ ಅಗಲ ಇರಬಹುದು. ಒತ್ತುವರಿ ಅಲ್ಲೂ ಇದೆ ಬಿಡಿ, ಆದ್ರೆ ತೆರವು ಮಾಡಿಸೋಕೆ ಕೈಯಲ್ಲಿ ಕಾನೂನಿದೆ. ಇನ್ನು ಕಟಾವಾದ ಹೊಲಕ್ಕೆ ಮಂದೆ ಬಂದ್ರೆ ಕೂಳೆ ಅವಕ್ಕೆ, ಗೊಬ್ಬರ ನಿಮಗೆ, ತಾರೀಖು ಮಾತ್ರ ಮೊದಲೇ ಕೂತು ಮಾತಾಡ್ಕೋಬೇಕು.

ಪ್ರಶ್ನೆ: ಹುಲ್ಲುಗಾವಲಲ್ಲಿ ಸೋಲಾರ್ ಹಾಕೋದು, ಗಿಡ ನೆಡೋದು?

ಉತ್ತರ: ಸೋಲಾರ್ ಪ್ಯಾನೆಲ್ ಕೆಳಗೆ ಕುರಿ ಮೇಯಿಸಬಹುದು, ಎಷ್ಟೋ ಕಡೆ ಮೇಯಿಸ್ತಿದ್ದಾರೆ, ಆದ್ರೆ ಮೇಕೆನ ಒಳಗೆ ಬಿಟ್ರೆ ಪ್ಯಾನೆಲ್ ಮೇಲೆ ಹತ್ತುತ್ತೆ, ದನ ಮೈ ಉಜ್ಜಿ ಕಂಬ ಅಲ್ಲಾಡಿಸುತ್ತೆ. ಬೇಲಿಗೆ ಗೇಟ್ ಎಲ್ಲಿ, ನೀರಿನ ಜಾಗಕ್ಕೆ ದಾರಿ ಬಿಟ್ಟಿದ್ದಾರಾ ಅಂತ ಒಪ್ಪಂದಕ್ಕೆ ಮುಂಚೆ ಕೇಳಿ. ಗಿಡದ ವಿಷಯಕ್ಕೆ ನಾನು ಸೀದಾ ಬೇಡ ಅಂತೀನಿ. ಗಾಳಿಯ ಇಂಗಾಲ ಹಿಡಿದಿಡೋಕೆ ಅಂತ ಗಿಡ ನೆಡ್ತಾರೆ, ಆದ್ರೆ ಹುಲ್ಲುಗಾವಲಿನ ಇಂಗಾಲ ಬಹುಪಾಲು ಇರೋದು ಮಣ್ಣೊಳಗೆ, ಅದನ್ನ ಅಗೆದು ಗುಂಡಿ ತೋಡಿ ಕಾಡು ಮಾಡ್ತೀವಿ ಅನ್ನೋದಕ್ಕಿಂತ ಕಾಡು ಕಡಿದ ಜಾಗದಲ್ಲಿ ನೆಡಲಿ.