ಹಲ್ಲಿನ ಕಲೆ, ಅವ್ವನ ಬೋರಮಾಳ

ಓದುಗರ ಪತ್ರ, ಚಿಕ್ಕದಾಗಿ: ನಾನು ಶಹಾಪುರ ತಾಲ್ಲೂಕಿನ ಹಳ್ಳಿಯವಳು. ವಯಸ್ಸು 26. ಯಾದಗಿರಿಯ ಖಾಸಗಿ ಶಾಲೆಯಲ್ಲಿ ಟೀಚರ್. ಚಿಕ್ಕಂದಿನಿಂದಲೂ ಹಲ್ಲುಗಳ ಮೇಲೆ ಕಂದು ಕಲೆ. ಮೊನ್ನೆ ಮೂರನೇ ತರಗತಿಯ ಹುಡುಗ, ‘ಟೀಚರ್, ನಿಮ್ಮ ಹಲ್ಲಿಗಿ ಏನ್ ಆಗ್ಯಾದ್ರಿ?’ ಅಂದ. ಕಲಬುರಗಿಯ ಒಂದು ಕ್ಲಿನಿಕ್‌ನಲ್ಲಿ ಮೇಲಿನ ಎಂಟು ಹಲ್ಲಿಗೆ ಪಿಂಗಾಣಿ ವಿನಿಯರ್ ಹಾಕಿಸಿಕೊಳ್ಳಿ, ಹಲ್ಲಿಗೆ 9,000 ಆಗುತ್ತದೆ ಅಂದರು. ಅವ್ವ ಬೋರಮಾಳ ಒತ್ತೆ ಇಡುತ್ತೇನೆ ಅನ್ನುತ್ತಾಳೆ. ಮನೆಯಲ್ಲಿ ಮದುವೆ ಮಾತೂ ನಡೆದಿದೆ. ಅಣ್ಣನ ಮಗಳಿಗೆ ಈಗ ಮೂರು ವರ್ಷ, ಅವಳಿಗೂ ಹೀಗೇ ಆಗುತ್ತದೋ ಏನೋ. ನಾನು ವಿನಿಯರ್ ಹಾಕಿಸಲೋ ಬೇಡವೋ?

ತಂಗಿ,

ಬೋರಮಾಳ ಸದ್ಯಕ್ಕೆ ಅವ್ವನ ಕೊರಳಲ್ಲೇ ಇರಲಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಿಮ್ಮ ಪತ್ರದಲ್ಲಿ ರೇಟು ಇದೆ, ಹಲ್ಲಿನ ಲೆಕ್ಕ ಇದೆ. ಕಲೆ ಎಷ್ಟು ಆಳ ಇಳಿದಿದೆ ಅನ್ನುವ ಮಾತು ಮಾತ್ರ ಎಲ್ಲೂ ಇಲ್ಲ. ನೀವು ಬರೆಯುವುದು ಮರೆತಿರೋ, ಅವರು ಹೇಳಲೇ ಇಲ್ಲವೋ? ಹೇಳಿಲ್ಲ ಅಂತಲೇ ನನಗೆ ಅನುಮಾನ.

ನಿಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರ್ ನೀರಲ್ಲಿ 1.5 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯಾದಗಿರಿ, ಕಲಬುರಗಿ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್ ಈ ಗೆರೆ ದಾಟಿವೆ. ಮಕ್ಕಳ ಪಕ್ಕಾ ಹಲ್ಲು ವಸಡಿನೊಳಗೆ ತಯಾರಾಗುವುದು ಸುಮಾರು ಎಂಟು ವರ್ಷದವರೆಗೆ. ಆ ಹೊತ್ತಿಗೆ ಇಂಥ ನೀರು ಕುಡಿದರೆ ಹಲ್ಲಿನ ಮೇಲ್ಪದರ, ಅಂದರೆ ಎನಾಮಲ್, ಹುಟ್ಟುವಾಗಲೇ ಕಲೆ ಹೊತ್ತು ಬರುತ್ತದೆ. ಅಂದರೆ ಇದು ಹೊಲಸಲ್ಲ, ನೀವು ಸರಿಯಾಗಿ ತಿಕ್ಕಲಿಲ್ಲ ಅಂತಲೂ ಅಲ್ಲ. ಇದ್ದಿಲು, ಬೂದಿ, ಉಪ್ಪು ಹಾಕಿ ತಿಕ್ಕಿದರೆ ಕಲೆ ಹೋಗಲ್ಲ, ಎನಾಮಲ್ ಸವೆಯುತ್ತದೆ ಅಷ್ಟೇ.

ಇನ್ನು ವಿನಿಯರ್. ಅದು ಕೈ ಉಗುರಿನಷ್ಟು ತೆಳುವಾದ ಪಿಂಗಾಣಿ ಬಿಲ್ಲೆ. ಹಲ್ಲಿನ ಮುಂಭಾಗಕ್ಕೆ ಅಂಟಿಸುತ್ತಾರೆ. 1928ರಲ್ಲಿ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಪಿಂಕಸ್ ಅನ್ನುವ ದಂತವೈದ್ಯರು ಸಿನಿಮಾ ನಟರಿಗೆ ಇಂಥ ಬಿಲ್ಲೆ ಮಾಡಿಕೊಟ್ಟಿದ್ದರು. ಆಗ ಗಟ್ಟಿ ಅಂಟೇ ಇರಲಿಲ್ಲ. ಶೂಟಿಂಗ್ ಮುಗಿದರೆ ನಟರು ಹಲ್ಲಿನ ಮೇಲಿಂದ ತೆಗೆದಿಡುತ್ತಿದ್ದರು. ಆಸಿಡ್‌ನಿಂದ ಎನಾಮಲ್ ಒರಟು ಮಾಡಿ ಅಂಟಿಸುವ ಉಪಾಯ 1955ರಲ್ಲಿ ಬಂತು. ಪಿಂಗಾಣಿಯನ್ನೂ ಹಾಗೇ ಒರಟು ಮಾಡಿ ಹಲ್ಲಿಗೆ ಭದ್ರ ಕೂರಿಸಲು 1980ರ ದಶಕದವರೆಗೆ ಕಾಯಬೇಕಾಯಿತು. ಆ ನಟರದು ಸಂಜೆ ತೆಗೆಯುವಂಥದ್ದು. ನಿಮ್ಮದು ಹಾಗಲ್ಲ. ಕೂರಿಸುವ ಮೊದಲು ಹಲ್ಲಿನ ಮುಂಭಾಗವನ್ನು ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ನಷ್ಟು ತಿಕ್ಕಿ ತೆಗೆಯುತ್ತಾರೆ. ಅರ್ಧ ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಅಲ್ಲಿ ಎನಾಮಲ್ ಇರುವುದೇ ಒಂದು ಮಿಲಿಮೀಟರ್ ಆಸುಪಾಸು. ವಸಡಿನ ಹತ್ತಿರ ಇನ್ನೂ ಕಡಿಮೆ. ಹೋದದ್ದು ಮತ್ತೆ ಬೆಳೆಯಲ್ಲ.

ಈ ಮಾತು ನನಗೆ ಯಾರೂ ಹೇಳಿರಲಿಲ್ಲ. 22ನೇ ವಯಸ್ಸಲ್ಲಿ ಸೈಕಲ್‌ನಿಂದ ಬಿದ್ದು ಮುಂದಿನ ಒಂದು ಹಲ್ಲಿನ ತುದಿ ಮುರಿಯಿತು. ಡಾಕ್ಟರು ‘ಜೋಡಿ ಚಂದ ಕಾಣಲಿ’ ಅಂತ ಪಕ್ಕದ ಗಟ್ಟಿ ಹಲ್ಲನ್ನೂ ಸುತ್ತ ತಿಕ್ಕಿ, ಎರಡಕ್ಕೂ ಕ್ಯಾಪ್ ಹಾಕಿದರು. ಚಂದವೇ ಕಂಡಿತು, ಸುಳ್ಳು ಹೇಳಲ್ಲ. ಆಮೇಲೆ ಎರಡು ಸಲ ಕ್ಯಾಪ್ ಬದಲಾಯಿಸಿದ್ದೇನೆ. ಏನೂ ಆಗಿರದ ಆ ಪಕ್ಕದ ಹಲ್ಲಿಗೆ ರೂಟ್ ಕೆನಾಲ್ ಕೂಡ ಆಯಿತು. ಈಗ ಕಡಕ್ ರೊಟ್ಟಿಯನ್ನು ಮುಂದಿನ ಹಲ್ಲಿಂದ ಕಟ್ ಅಂತ ಕಡಿಯುವ ಧೈರ್ಯ ಇಲ್ಲ. ಕೈಯಲ್ಲಿ ಮುರಿದು, ಪುಂಡಿಪಲ್ಯದಲ್ಲಿ ನೆನೆಸಿ, ಒಂದು ಪಕ್ಕದ ದವಡೆಗೆ ತಳ್ಳುತ್ತೇನೆ. ಜೊತೆ ಕೂತವರು ‘ಸಾಹೇಬ್ರು ಭಾಳ ನಾಜೂಕು’ ಅನ್ನುತ್ತಾರೆ.

ಹಾಗಂತ ವಿನಿಯರ್ ಕೆಟ್ಟದ್ದು ಅನ್ನುತ್ತಿಲ್ಲ. ಎನಾಮಲ್‌ನಲ್ಲಿ ಗುಳಿ ಬಿದ್ದು, ಕಲೆ ತೀರಾ ಆಳ ಇಳಿದಿದ್ದರೆ ಅದಕ್ಕಿಂತ ಚಂದದ ದಾರಿ ಕಡಿಮೆ. ಆದರೆ ಅದು ಕೊನೆಯ ಬಾಗಿಲು. ನಿಮ್ಮನ್ನು ಸೀದಾ ಅಲ್ಲಿಗೇ ಕರೆದುಕೊಂಡು ಹೋಗಿದ್ದಾರೆ.

ಮೊದಲ ಬಾಗಿಲು ಕ್ಲೀನಿಂಗ್. ಚಹಾದ ಕಲೆ, ಪಾಚಿ ಹೋದ ಮೇಲೆಯೇ ನಿಜವಾದ ಕಲೆ ಕಾಣುವುದು. ಕಂದು ಕಲೆ ಮೇಲುಮೇಲಿದ್ದರೆ ಮೈಕ್ರೋ ಅಬ್ರೇಷನ್ ಅಂತ ಮಾಡುತ್ತಾರೆ. ಆಸಿಡ್ ಬೆರೆಸಿದ ನುಣುಪು ಪುಡಿಯಿಂದ ಮೇಲಿನ ಅತಿ ತೆಳು ಪದರವನ್ನಷ್ಟೇ ಉಜ್ಜಿ ತೆಗೆಯುವುದು. ಕಂದು ಕಲೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಹಿಂದೆ ಬ್ಲೀಚಿಂಗ್ ಮಾಡಿದರೆ ಉಳಿದ ಕಲೆ ಸುತ್ತಲಿನ ಬಣ್ಣದಲ್ಲಿ ಬೆರೆತುಹೋಗುತ್ತದೆ. ಕೆಲವು ದಿನ ತಣ್ಣೀರಿಗೆ ಹಲ್ಲು ಜುಂ ಅನ್ನಬಹುದು. ಇಷ್ಟಾದರೂ ಸಾಲದೆ ಹೋದರೆ ಕಾಂಪೋಸಿಟ್ ಇದೆ, ಹಲ್ಲಿನ ಬಣ್ಣದ ಫಿಲ್ಲಿಂಗ್ ವಸ್ತುವನ್ನೇ ಮೇಲೆ ತೆಳುವಾಗಿ ಹಚ್ಚುವುದು. ಪಿಂಗಾಣಿಯಷ್ಟು ಬಾಳಿಕೆ ಬರಲ್ಲ, ಚಹಾ ಕುಡಿದರೆ ಬಣ್ಣ ಹಿಡಿಯುತ್ತದೆ. ಆದರೆ ಹಲ್ಲನ್ನು ತಿಕ್ಕುವುದು ಕಡಿಮೆ, ಚೂರು ಒಡೆದರೆ ಅಷ್ಟಕ್ಕೇ ತೇಪೆ ಹಾಕಬಹುದು. ಖರ್ಚೂ ಕಡಿಮೆ.

ಎಲ್ಲ ಮುಗಿದು ವಿನಿಯರೇ ಬೇಕು ಅಂತಾದರೆ ಕೆಲವು ಮಾತು ಬಾಯಿಬಿಟ್ಟು ಕೇಳಿ. ಹಾಕುವುದು ವಿನಿಯರೋ, ಸುತ್ತ ತಿಕ್ಕುವ ಕ್ಯಾಪೋ? ‘ಸ್ಮೈಲ್ ಡಿಸೈನ್’ ಅನ್ನುವ ಹೆಸರಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ತಿಕ್ಕುವುದು ಎನಾಮಲ್ ಒಳಗೇ ಮುಗಿಯುತ್ತದಾ? ಫ್ಲೋರೈಡ್ ಹಿಡಿದ ಎನಾಮಲ್ ಆಸಿಡ್‌ಗೆ ಬೇಗ ಬಗ್ಗಲ್ಲ, ಅಂಟು ಸರಿಯಾಗಿ ಕೂರದಿರಬಹುದು. ಇಂಥ ಹಲ್ಲಿಗೆ ಮೊದಲು ಹಾಕಿದ್ದೀರಾ ಅಂತ ಕೇಳಲು ಸಂಕೋಚ ಬೇಡ. ಹಲ್ಲು ಮುಟ್ಟುವ ಮೊದಲೇ ತಾತ್ಕಾಲಿಕವಾಗಿ ಮೇಲೆ ಹಚ್ಚಿ, ಹೇಗೆ ಕಾಣುತ್ತದೆ ಅಂತ ಕನ್ನಡಿಯಲ್ಲಿ ತೋರಿಸಬಹುದು. ತೋರಿಸಿ ಅನ್ನಿ. ಬ್ಲೀಚಿಂಗ್ ಮಾಡಿಸುವುದಿದ್ದರೆ ಮೊದಲೇ ಮುಗಿಸಿ, ಯಾಕಂದರೆ ಪಿಂಗಾಣಿಯ ಬಣ್ಣ ಆಮೇಲೆ ಬದಲಾಗಲ್ಲ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ? ಅವ್ವನನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಕಡಿಯುವವರ ಬಾಯಲ್ಲಿ ಪಿಂಗಾಣಿ ಜಾಸ್ತಿ ದಿನ ಉಳಿಯಲ್ಲ.

ಕೆಳಗಿನ ಹಲ್ಲಿನ ವಿಷಯ ಏನು? ಕಲೆ ಅಲ್ಲೂ ಇರಬೇಕಲ್ವಾ? ನೀವು ದಿನವಿಡೀ ಪಾಠ ಮಾಡುವವರು. ನಗುವಾಗ ಮೇಲಿನ ಸಾಲು ಕಂಡರೆ, ಮಾತಾಡುವಾಗ ಕೆಳಗಿನದು ಕಾಣುತ್ತದೆ. ಮೇಲೆ ಹೊಸ ಬಿಳಿ ಗೋಡೆ, ಕೆಳಗೆ ಹಳೇ ಕಟ್ಟೆ.

ಲೆಕ್ಕವನ್ನೂ ಒಮ್ಮೆ ಹಾಕಿ. ಈಗ 72,000. ಪಿಂಗಾಣಿ ವಿನಿಯರ್ ಚೆನ್ನಾಗಿ ನೋಡಿಕೊಂಡರೆ 10-15 ವರ್ಷ ಬರುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ. ನಿಮಗೆ 26. ಆಯುಷ್ಯದಲ್ಲಿ ಎರಡು ಮೂರು ಸಲವಾದರೂ ಬದಲಾಯಿಸಬೇಕು. ಪ್ರತಿ ಸಲ ಒತ್ತೆ ಇಡಲು ಬೋರಮಾಳ ಎಷ್ಟಿವೆ?

ಕಲಬುರಗಿಯಲ್ಲೇ ದಂತ ಕಾಲೇಜುಗಳಿವೆ. ರಜೆ ದಿನ ಕಳೆಯಲು ಬೇಜಾರು ಅನ್ನಬೇಡಿ, ಒಂದು ದಿನ ಸರತಿಯಲ್ಲಿ ಕೂತು ತೋರಿಸಿ. ಫ್ಲೋರೈಡ್ ಹಲ್ಲು ಅಲ್ಲಿನವರಿಗೆ ಹೊಸದಲ್ಲ. ಕಲೆ ಎಷ್ಟು ಆಳ, ತಿಕ್ಕದೇ ಏನೇನು ಮಾಡಬಹುದು, ಈ ಎರಡನ್ನು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.

ಮದುವೆ ಮಾತಿಗೆ ನಾನು ಜಾಸ್ತಿ ಹೇಳಲ್ಲ. ನೋಡಲು ಬರುವ ತಾರೀಖಿಗೆ ಮುಗಿಯಲಿ ಅಂತ ಹಲ್ಲು ತಿಕ್ಕಿಸಬೇಡಿ, ಅಷ್ಟೇ. ಬರುವವರೂ ಇದೇ ಸೀಮೆಯವರಾದರೆ ಅವರ ಮನೆಯಲ್ಲೂ ಒಬ್ಬರಿಬ್ಬರ ಹಲ್ಲು ಹೀಗೇ ಇರುತ್ತದೆ, ನೋಡಿ ಬೇಕಾದರೆ.

ಅಣ್ಣನ ಮಗಳದು ಮಾತ್ರ ತಡ ಮಾಡುವ ವಿಷಯವಲ್ಲ. ಅವಳ ಪಕ್ಕಾ ಹಲ್ಲು ಈಗ ಒಳಗೆ ತಯಾರಾಗುತ್ತಿವೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಆರ್‌ಓ ನೀರು ನಡೆಯುತ್ತದೆ. ಊರಲ್ಲಿ ನಾಣ್ಯ ಹಾಕಿ ಕೊಡ ತುಂಬಿಸುವ ಶುದ್ಧ ನೀರಿನ ಘಟಕ ಇದ್ದು, ಅದು ಕೆಟ್ಟು ನಿಂತಿಲ್ಲದಿದ್ದರೆ, ಅವಳ ಕುಡಿಯುವ ನೀರೂ ಅಡುಗೆ ನೀರೂ ಅಲ್ಲಿಂದಲೇ ಬರಲಿ. ಪೇಸ್ಟ್ ಬಟಾಣಿ ಕಾಳಷ್ಟು ಸಾಕು, ನುಂಗಲು ಬಿಡಬೇಡಿ. ಸೋಮವಾರ ಶಾಲೆಗೆ ಬರುವಾಗ ಮನೆಯ ಬೋರ್ ನೀರನ್ನು ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ತನ್ನಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು ಫ್ಲೋರೈಡ್ ಎಷ್ಟಿದೆ ನೋಡಿಸಿ. ಆ ಮೂರನೇ ತರಗತಿಯ ಹುಡುಗ ಯಾವ ಊರಿನಿಂದ ಬರುತ್ತಾನೆ ಅಂತಲೂ ಕೇಳಿ. ಅವನ ಹಲ್ಲನ್ನೂ ಒಮ್ಮೆ ನೋಡಿ.

ಸಂಪಾದಕ